ಓಟಗಾರನ ಗಂಟೆ

ನಮ್ಮೂರಿನಲ್ಲಿ ಒಂದು ಗಂಟೆ ಎಂದರೆ ಎಷ್ಟು ಹೊತ್ತು ಎಂಬುದನ್ನು ಇಪ್ಪತ್ತಮೂರು ವರ್ಷ ನನ್ನ ಕಾಲುಗಳು ತೀರ್ಮಾನಿಸಿದವು. ಹೊರಗಿನಿಂದ ತಂದ ಗಡಿಯಾರ ಸುಂಕದ ಕಟ್ಟೆ ದಾಟುತ್ತಲೇ ನಿಂತುಹೋಗುತ್ತದೆ. ಬಳೆ ಮಾರುವವರು, ರೇಷ್ಮೆಗೂಡಿನ ವ್ಯಾಪಾರಕ್ಕೆ ಬರುವವರು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಬಂದು, ಹೋಗುವಾಗ ಮತ್ತೆ ಕಟ್ಟಿಕೊಳ್ಳುತ್ತಾರೆ. ನಮಗೆ ಗಂಟೆಮನೆಯ ತಾಮ್ರದ ಹಂಡೆಯೇ ಗತಿ. ಅದರ ತಳದಲ್ಲಿ ಕಡಲೆಕಾಳಿನಷ್ಟು ತೂತು. ಬೆಳಕು ಹರಿಯುವಾಗ ಗಂಟೆಮನೆಯ ರಾಚಪ್ಪ ಹಂಡೆಯನ್ನು ಕಂಠಮಟ್ಟ ತುಂಬಿ ತೂತಿನ ಬೆಣೆ ಕೀಳುತ್ತಾನೆ. ಅದೇ ಕ್ಷಣಕ್ಕೆ ಓಟಗಾರ ಹೊಸ್ತಿಲು ಬಿಟ್ಟು ಹೊರಡಬೇಕು. ಕೆರೆಯನ್ನು ಪೂರ್ತಿ ಒಂದು ಸುತ್ತು ಹಾಕಿ ಬಂದು ಅವನು ಹೊಸ್ತಿಲು ಮುಟ್ಟಿದಾಗ ರಾಚಪ್ಪ ಬೆಣೆ ಜಡಿದು, ನೀರು ಎಲ್ಲಿಗೆ ಇಳಿದಿದೆಯೋ ಅಲ್ಲಿ ಸುಣ್ಣ ಅರಿಸಿನ ಕಲಸಿ ಗೆರೆ ಎಳೆಯುತ್ತಾನೆ. ಅಂದಿನ ಗಂಟೆ ಅಷ್ಟು. ಆಮೇಲೆ ಹೊತ್ತು ಮುಳುಗುವವರೆಗೆ ಅವನೂ ಅವನ ತಮ್ಮನೂ ಸರದಿಯ ಮೇಲೆ ಹಂಡೆ ತುಂಬುತ್ತ, ನೀರು ಗೆರೆಗೆ ಇಳಿದಾಗಲೆಲ್ಲ ಗಂಟೆ ಬಾರಿಸುತ್ತ ಕೂರುತ್ತಾರೆ. ಮರುದಿನ ಬೆಳಿಗ್ಗೆ ನೋಡಿದರೆ ಗೆರೆ ಇರುವುದಿಲ್ಲ. ಉಳಿಯಿಂದ ಕೆತ್ತಿದರೂ ಇರುವುದಿಲ್ಲ. ಅಳತೆಗೆಂದು ಕೋಲಿಗೆ ಕಚ್ಚು ಹಾಕಿಟ್ಟುಕೊಂಡವರ ಕೋಲೂ ಬೆಳಗಾಗುವಷ್ಟರಲ್ಲಿ ನುಣ್ಣಗಾಗಿರುತ್ತದೆ. ಹಾಗಾಗಿ ಯಾರಾದರೂ ಒಬ್ಬರು ದಿನವೂ ಓಡಲೇಬೇಕು.

ನನ್ನ ಹೆಸರು ಜವರಯ್ಯ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಓಟಗಾರನ ಕೆಂಪು ರುಮಾಲು ನನ್ನ ತಲೆಗೆ ಬಂತು. ನನಗಿಂತ ಮುಂಚೆ ಓಡುತ್ತಿದ್ದವನು ಅದನ್ನು ತಾನಾಗಿಯೇ ಬಿಚ್ಚಿ ಕೊಟ್ಟ. "ನನ್ನ ಗಂಟೆ ಜನಕ್ಕೆ ಭಾರ ಆಗ್ತಾ ಇದೆ ಕಣಪ್ಪ, ನೀನು ತಗೋ" ಎಂದ. ಅವನಿಗೆ ಆಗ ನಲವತ್ತು ತುಂಬಿರಲಿಲ್ಲ. ಸೋಲುವ ಮುಂಚೆಯೇ ಹೆದರಿ ಬಿಟ್ಟುಕೊಟ್ಟ ಎಂದು ನಾನು ಗೆಳೆಯರ ನಡುವೆ ನಕ್ಕಿದ್ದೆ.

ನನ್ನ ಒಳ್ಳೆಯ ವರ್ಷಗಳಲ್ಲಿ ಹಗಲಿಗೆ ಹದಿನಾಲ್ಕು ಗಂಟೆ ಹೊಡೆಯುತ್ತಿತ್ತು. ಶಾಲೆ ನಾಲ್ಕು ಗಂಟೆ, ರೇಷ್ಮೆ ಷೆಡ್ಡಿನ ಪಾಳಿ ಎಂಟು ಗಂಟೆ. ಎಂಟು ಮುಗಿಸಿದ ಹೆಂಗಸರು ಬಿಸಿಲು ಇರುವಾಗಲೇ ಮನೆಗೆ ಬಂದು ಬಟ್ಟೆ ಒಗೆದು ಒಣಗಿಸುತ್ತಿದ್ದರು. ಬೀದಿಯಲ್ಲಿ ಹೋಗುತ್ತಿದ್ದರೆ ಮುದುಕಿಯರು ಜಗುಲಿಯಿಂದಲೇ ಕೈಯೆತ್ತಿ ನನ್ನ ಕಾಲುಗಳಿಗೆ ದೃಷ್ಟಿ ತೆಗೆಯುತ್ತಿದ್ದರು. ಕೆರೆಯ ದೂರದ ದಂಡೆಯಲ್ಲಿ ಒದ್ದೆ ಮರಳಿನ ಒಂದು ಪಟ್ಟಿಯಿದೆ. ಓಡಿದ ಮೇಲೆ ಬಿಡುವಾಗಿ ವಾಪಸು ನಡೆದು ಹೋಗಿ ಅಲ್ಲಿ ಮೂಡಿದ ನನ್ನದೇ ಹೆಜ್ಜೆಗಳ ನಡುವಿನ ಅಂತರವನ್ನು ಅಳೆಯುವುದು ನನಗೊಂದು ಚಟವಾಗಿತ್ತು. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ನನ್ನ ಪಾದ ಆರು ಸಲ ಹಿಡಿಯುತ್ತಿತ್ತು.

ಮೂವತ್ತೇಳರ ಹೊತ್ತಿಗೆ ಅದು ಐದೂವರೆಯಾಯಿತು. ಮರಳು ಸಡಿಲವಾಗಿದೆ ಎಂದುಕೊಂಡೆ. ನಲವತ್ತೆರಡಕ್ಕೆ ಐದಾಯಿತು. ಆಮೇಲೆ ಅಳೆಯುವುದನ್ನು ಬಿಟ್ಟೆ. ಇಂಥ ದಿನ ವಯಸ್ಸಾಯಿತು ಎಂದು ಹೇಳುವಂಥದ್ದೇನೂ ನಡೆಯಲಿಲ್ಲ. ಹೊರಡುವಾಗ ಮೈ ಮೊದಲಿನಷ್ಟೇ ಹಗುರಾಗಿರುತ್ತಿತ್ತು, ಏರಿನಲ್ಲೂ ಪರವಾಗಿಲ್ಲ. ಕೊನೆಯ ಕಾಲುಭಾಗದಲ್ಲಿ, ಈಗ ಜೋರು ಮಾಡಬೇಕು ಎಂದು ಕಾಲಿಗೆ ಹೇಳಿದಾಗ ಕಾಲು ಕೇಳಿಸಿಕೊಳ್ಳುತ್ತಿತ್ತು, ಆದರೆ ಏನೂ ಆಗುತ್ತಿರಲಿಲ್ಲ. ಉಸಿರು ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತಿತ್ತು. ಮೊದಲು ಸಂಜೆಯೊಳಗೆ ಹೋಗುತ್ತಿದ್ದ ಮೀನಖಂಡದ ನೋವು ಮರುದಿನ ಹೊಸ್ತಿಲ ಮೇಲೆ ನಿಂತಾಗಲೂ ಇರುತ್ತಿತ್ತು. ಹಾಸಿಗೆಯಿಂದ ಎದ್ದು ಗೋಡೆ ಹಿಡಿದುಕೊಂಡು ಹತ್ತು ಹೆಜ್ಜೆ ನಡೆಯದೆ ಮಂಡಿ ಮಡಿಸಲು ಬರುತ್ತಿರಲಿಲ್ಲ. ಇದನ್ನು ಹೆಂಡತಿ ನೋಡಬಾರದೆಂದು ಅವಳಿಗಿಂತ ಮೊದಲೇ ಏಳಲು ಶುರುಮಾಡಿದೆ.

ಗಂಟೆ ಉದ್ದವಾಯಿತು. ಹಗಲಿಗೆ ಹದಿಮೂರಾಯಿತು, ಹನ್ನೆರಡಾಯಿತು, ನನಗೆ ನಲವತ್ತಾರಾದಾಗ ಹನ್ನೊಂದಕ್ಕೆ ಬಂತು. ಊರಿನವರು ನನಗೆ ಒಂದು ಮಾತೂ ಹೇಳಲಿಲ್ಲ. ಅವರು ತಮ್ಮ ಪಾಡಿಗೆ ಹೊಂದಿಕೊಂಡರು. ಹೋಟೆಲಿನವನು ಗಂಟೆ ಹೊಡೆಯುವುದಕ್ಕೆ ಮೊದಲೇ ಇಡ್ಲಿ ಪಾತ್ರೆ ಇಳಿಸುವುದನ್ನು ಕಲಿತ. ಶಾಲೆಯ ಮೇಷ್ಟ್ರು ಪಾಠ ಮುಗಿದ ಮೇಲೆ ಉಳಿಯುವ ಹೊತ್ತಿಗೆ ಮಕ್ಕಳಿಂದ ಮಗ್ಗಿ ಹೇಳಿಸತೊಡಗಿದರು. ಷೆಡ್ಡಿನ ಹೆಂಗಸರು ಬುತ್ತಿಗೆ ಇನ್ನೊಂದು ರಾಗಿರೊಟ್ಟಿ ಸೇರಿಸಿಕೊಂಡರು. ಎದುರು ಸಿಕ್ಕವರು ನನ್ನ ಮುಖ ನೋಡಿ ನಗುತ್ತಿದ್ದರು, ದಾಟಿ ಹೋದ ಮೇಲೆ ಸೂರ್ಯನ ಕಡೆ ನೋಡುತ್ತಿದ್ದರು. ಅವರು ಬೈದಿದ್ದರೆ ನಾನೂ ಏನಾದರೂ ಬೈಯಬಹುದಿತ್ತು.

ನನ್ನ ಹೆಂಡತಿ ಪುಟ್ಟತಾಯಿ ಅದೇ ಷೆಡ್ಡಿನಲ್ಲಿ ನೂಲು ಬಿಚ್ಚುವವಳು. ಸುಡುವ ನೀರಿನ ಬೋಗುಣಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ, ಬೆರಳು ಹಾಕಿ ಎಳೆ ಹುಡುಕಿ ರಾಟೆಗೆ ಕೊಡಬೇಕು. ಒಂದು ದಿನ ಅವಳು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬೆರಳ ತುದಿಗಳು ಬೇಯಿಸಿದ ಹಲಸಿನ ಬೀಜದ ಹಾಗೆ ಬಿಳಿಚಿ ಸಿಪ್ಪೆ ಎದ್ದಿದ್ದವು.

"ಇವತ್ತು ತಡವಾಯ್ತಲ್ಲ" ಎಂದೆ.

"ಎಂಟು ಹೊಡೆದಾಗ ಎದ್ದು ಬಂದೆ" ಎಂದು ಹೇಳಿ ಒಲೆಯ ಮುಂದೆ ಕುಳಿತಳು. ಅದರಲ್ಲಿ ಚುಚ್ಚುಮಾತು ಏನೂ ಇರಲಿಲ್ಲ. ನಿಜವನ್ನೇ ಹೇಳಿದ್ದಳು. ನಾನು ಹಿತ್ತಲಿಗೆ ಹೋಗಿ ಸುಮ್ಮನೆ ಕಟ್ಟಿಗೆ ಒಡೆದೆ.

ಮಾಡದ ಔಷಧಿಯಿಲ್ಲ. ಕಾಲುಸೂಪು ಕುಡಿದೆ, ಹರಳೆಣ್ಣೆ ಕಾಯಿಸಿ ತಿಕ್ಕಿಸಿಕೊಂಡೆ, ಮಂಡಿಗೆ ಎಕ್ಕದೆಲೆ ಕಟ್ಟಿದೆ. ಯಾರೂ ನೋಡದ ಮಧ್ಯಾಹ್ನಗಳಲ್ಲಿ ಬಂಡೆಯ ಏರಿನ ಮೇಲೆ ಓಡಿ ಅಭ್ಯಾಸ ಮಾಡಿದೆ. ಅಭ್ಯಾಸ ಮಾಡಿದ ಮರುದಿನ ಗಂಟೆ ಇನ್ನೂ ಉದ್ದ ಬರುತ್ತಿತ್ತು. ರಾಚಪ್ಪ ಎಪ್ಪತ್ತರ ಮುದುಕ, ಮೂರು ಜನ ಓಟಗಾರರಿಗೆ ಗೆರೆ ಎಳೆದವನು. ಒಂದು ದಿನ ಹಂಡೆಯೊಳಗೆ ಕೈ ಹಾಕಿ ಗೆರೆ ಎಳೆಯುತ್ತಲೇ ಹೇಳಿದ: "ಕಾಲು ಇನ್ನೂ ಓಡ್ತವೆ ಜವರಯ್ಯ. ನಿನ್ನೆ ಓಡಿದ್ದು ಇವತ್ತಿಗೂ ಮೈಯಿಂದ ಇಳಿದಿರೋದಿಲ್ಲ, ಅಷ್ಟೇ. ಎಷ್ಟು ಉಜ್ಜಿದರೂ ಅದು ಹೋಗೋದಲ್ಲ."

"ಹಾಗಾದ್ರೆ ಏನು ಮಾಡಲಿ?"

"ನನ್ನನ್ನು ಕೇಳಬೇಡ. ನಾನು ಗೆರೆ ಎಳೆಯೋನು" ಎಂದ.

ವರ್ಷಕ್ಕೊಮ್ಮೆ, ಕೆರೆಯ ತೂಬು ಮುಚ್ಚುವ ದಿನ, ಓಟಗಾರನ ಜೊತೆ ಯಾರು ಬೇಕಾದರೂ ಓಡಬಹುದು. ಮೊದಲು ಹೊಸ್ತಿಲು ಮುಟ್ಟಿದವರಿಗೆ ರುಮಾಲು. ಸೋತವರು ಏಳು ವರ್ಷ ಮತ್ತೆ ಆ ಹೊಸ್ತಿಲಿನ ಮೇಲೆ ನಿಲ್ಲುವ ಹಾಗಿಲ್ಲ. ಆ ಏಳು ವರ್ಷದ ಹೆದರಿಕೆಗೆ ಹನ್ನೊಂದು ವರ್ಷದಿಂದ ಯಾರೂ ಬಂದಿರಲಿಲ್ಲ. ನನಗೆ ನಲವತ್ತೇಳಾದ ಆ ವರ್ಷ ದೇವೀರಿ ಬಂದಳು. ಇಪ್ಪತ್ತೇಳು ವರ್ಷದ ಹೆಂಗಸು, ಬಿದಿರು ಡಿಪೋದ ಹಿಂದೆ ಗಂಡ, ಅತ್ತೆಯ ಜೊತೆ ಇದ್ದವಳು, ಷೆಡ್ಡಿನಲ್ಲಿ ಪುಟ್ಟತಾಯಿಯ ಪಕ್ಕದ ಬೋಗುಣಿ ಅವಳದು. ಮನೆಯಿಂದ ಷೆಡ್ಡಿಗೆ ದಿನವೂ ಓಡಿಕೊಂಡೇ ಹೋಗುತ್ತಾಳೆ ಎಂದು ಕೇಳಿದ್ದೆ. ತೂಬು ಮುಚ್ಚಲು ಮೂರು ದಿನ ಇರುವಾಗ ನಮ್ಮ ಬಾಗಿಲಿಗೆ ಬಂದು ಒಳಗೆ ಬಾರದೆ ನಿಂತಳು.

"ಅಣ್ಣ, ಈ ಸಲ ನಿಮ್ಮ ಜೊತೆ ಓಡ್ತೀನಿ. ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಹೇಳೋಕೆ ಬಂದೆ."

"ಓಡಮ್ಮ. ದಾರಿ ಯಾರಪ್ಪಂದೂ ಅಲ್ಲ" ಎಂದೆ. ನನ್ನ ದನಿ ಚೆನ್ನಾಗಿಯೇ ಬಂತು. ಪುಟ್ಟತಾಯಿ ಅವಳನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ದೇವೀರಿ ಲೋಟ ಹಿಡಿದುಕೊಳ್ಳುವಾಗ ನೋಡಿದೆ, ಅವಳ ಬೆರಳೂ ಹಾಗೇ ಇದ್ದವು. ಅವಳ ಪಾದವನ್ನೂ ನೋಡಿದೆ. ಹಿಮ್ಮಡಿ ಸಣ್ಣಗೆ, ಮೀನಖಂಡ ಮೇಲಕ್ಕೆ ಬಿಗಿದು ನಿಂತಿತ್ತು. ಇಪ್ಪತ್ತು ವರ್ಷದ ಹಿಂದೆ ನನ್ನವು ಹಾಗಿದ್ದವು. ಆ ಕಾಫಿ ಮುಗಿಯುವಷ್ಟರಲ್ಲಿ ನಾನು ಸೋತಾಗಿತ್ತು.

ಕೆರೆಯ ದೂರದ ಮೂಲೆಯಲ್ಲಿ ನೀರು ಒಂದು ನಾಲಿಗೆಯ ಹಾಗೆ ಒಳಕ್ಕೆ ಚಾಚಿಕೊಂಡಿದೆ. ದಾರಿ ಅದನ್ನು ಬಳಸಿಕೊಂಡು ಹೋಗುತ್ತದೆ, ಒಟ್ಟು ಸುತ್ತಿನ ಮೂರನೇ ಒಂದು ಪಾಲು ಆ ಬಳಸಿನಲ್ಲೇ ಹೋಗುತ್ತದೆ. ಆ ವರ್ಷ ನೀರು ಹಿಂದಕ್ಕೆ ಸರಿದು ನಾಲಿಗೆಯ ಜಾಗದಲ್ಲಿ ಕಪ್ಪು ಕೆಸರು ಕೆನೆಗಟ್ಟಿತ್ತು. ಓಡುವಾಗ ಏನೋ ಆಗಿ ಕಾಲು ಅತ್ತ ತಿರುಗಿತು ಎಂದು ನಾನು ಹೇಳಬಹುದು. ಹಾಗೆ ಹೇಳಿಕೊಂಡು ಬದುಕಲು ಕೆಲವು ದಿನ ಪ್ರಯತ್ನವನ್ನೂ ಪಟ್ಟೆ. ಆದರೆ ಹಿಂದಿನ ಸಂಜೆಯೇ ನಾನು ಅಲ್ಲಿಗೆ ಹೋಗಿದ್ದೆ. ಕೆಸರನ್ನು ಹಿಮ್ಮಡಿಯಿಂದ ಒತ್ತಿ ನೋಡಿದ್ದೆ. ಎಲ್ಲಿ ಗಟ್ಟಿ, ಎಲ್ಲಿ ಹೂತುಕೊಳ್ಳುತ್ತದೆ ಎಂದು ನೋಡಿ, ಗಟ್ಟಿಯಿದ್ದ ಕಡೆ ಜೊಂಡಿನ ಗರಿ ಸಿಕ್ಕಿಸಿ ಗುರುತು ಇಟ್ಟು ಬಂದಿದ್ದೆ.

ಬೆಳಿಗ್ಗೆ ಗಂಟೆಮನೆಯ ಮುಂದೆ ಅರ್ಧ ಊರು ನೆರೆದಿತ್ತು. ರಾಚಪ್ಪ ಬೆಣೆ ಕಿತ್ತ. ಮೊದಲ ತಿರುವಿನವರೆಗೆ ನಾವು ಭುಜಕ್ಕೆ ಭುಜ ಇದ್ದೆವು. ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು, ಉಸಿರಿನ ಸದ್ದೇ ಇಲ್ಲ. ತಿರುವು ದಾಟಿದ ಮೇಲೆ ಅವಳು ನನ್ನ ಪಕ್ಕದಿಂದ ಸರಿದು ಮುಂದಾದಳು. ಓಟ ಜೋರು ಮಾಡಿದ ಹಾಗೆ ಕಾಣಲೂ ಇಲ್ಲ. ಹುಣಸೆಮರದ ಹತ್ತಿರ ಹೋಗುವಷ್ಟರಲ್ಲಿ ಅವಳ ಬೆನ್ನು ಅಂಗೈಯಷ್ಟಾಗಿತ್ತು. ಅವಳು ಬಳಸಿನ ದಾರಿಗೆ ತಿರುಗಿ ಜೊಂಡಿನ ಹಿಂದೆ ಮರೆಯಾದಳು. ನಾನು ಕೆಸರಿಗೆ ಇಳಿದೆ.

ಆಚೆ ದಂಡೆ ಹತ್ತಿ ದಾರಿ ಸೇರಿದಾಗ ಅವಳಿನ್ನೂ ಹಿಂದಿದ್ದಳು. ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸದ್ದು ಕೇಳಿತು. ಸಮನಾಗಿ, ಬಿರುಸಾಗಿ ಬರುತ್ತಿತ್ತು. ತಿರುವಿನಲ್ಲಿ ಅವಳು ನನ್ನ ಬೆನ್ನು ನೋಡಿರಬೇಕು. ಸದ್ದು ಒಮ್ಮೆಲೇ ತಪ್ಪಿತು, ನಾಲ್ಕೈದು ಹೆಜ್ಜೆ ನಡೆದಳೋ ನಿಂತಳೋ ತಿಳಿಯದು, ಆಮೇಲೆ ಮತ್ತೆ ಶುರುವಾಯಿತು. ನಾನು ತಿರುಗಿ ನೋಡಲಿಲ್ಲ. ತನ್ನ ಹಿಂದೆ ಇದ್ದವನು ತನ್ನನ್ನು ದಾಟದೆ ಮುಂದೆ ಹೇಗೆ ಬಂದ ಎಂದು ಯಾರೂ ಅವಳಿಗೆ ವಿವರಿಸಬೇಕಾಗಿರಲಿಲ್ಲ.

ನಾನು ಹೊಸ್ತಿಲು ಮುಟ್ಟಿದೆ. ಜನ ಕೂಗಿದರು. ರಾಚಪ್ಪ ಬೆಣೆ ಜಡಿದು ಹಂಡೆಯೊಳಗೆ ಬಗ್ಗಿ ನೋಡಿದ. ನೀರು ಎಂದೂ ಅಷ್ಟು ಮೇಲೆ ನಿಂತಿರಲಿಲ್ಲ. ಅವನು ತಲೆ ಎತ್ತಿ ನನ್ನ ಮುಖ ನೋಡಿದ, ಆಮೇಲೆ ನನ್ನ ಕಾಲು ನೋಡಿದ. ಕೆರೆಯ ದಾರಿಯಲ್ಲಿ ಕೆಂಪು ಗರಸು, ಮರಳು ಬಿಟ್ಟರೆ ಬೇರೇನಿಲ್ಲ. ನನ್ನ ಕಾಲು ಹರಡಿನವರೆಗೆ ಕಪ್ಪಾಗಿತ್ತು. ಅವನು ಗೆರೆ ಎಳೆದ. ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಂದು ಬಿಂದಿಗೆ ನೀರು ತಂದಿಟ್ಟು, "ಕಾಲು ತೊಳ್ಕೊ, ಜನ ಒಳಗೆ ಬರ್ತಾರೆ" ಎಂದ. ನಾನು ತೊಳೆದುಕೊಂಡೆ. ಅವನು ಆ ನೀರನ್ನು ಬಚ್ಚಲಿಗೆ ಗುಡಿಸಿ ಹಾಕಿ ಹೊರಗೆ ಹೋದ. ಅವನು ಆಮೇಲೂ ನನ್ನ ಜೊತೆ ಮಾತಾಡಿದ್ದಾನೆ. ಆದರೆ ಹೆಸರು ಹಿಡಿದು ಕರೆಯಲಿಲ್ಲ.

ಆ ದಿನ ಹಗಲಿಗೆ ಹದಿನಾರು ಗಂಟೆ ಹೊಡೆಯಿತು. ಹೋಟೆಲಿನ ಇಡ್ಲಿ ಹಸಿಹಸಿಯಾಗಿ ಬಂತು, ಯಾರೂ ಬೇಸರಪಡಲಿಲ್ಲ, ನಗುತ್ತ ತಿಂದರು. ಎಂಟು ಹೊಡೆದಾಗ ಸೂರ್ಯ ನೆತ್ತಿಯ ಮೇಲಿದ್ದ. ಷೆಡ್ಡಿನಿಂದ ಹೆಂಗಸರು ಬೀದಿಗೆ ಬಂದವರು ಏನು ಮಾಡಬೇಕೆಂದು ತೋಚದೆ ಗುಂಪುಗುಂಪಾಗಿ ನಿಂತಿದ್ದರು. ಸಂಜೆ ಚಾವಡಿಯಲ್ಲಿ ಕೂರಿಸಿ ನನಗೆ ಹಾರ ಹಾಕಿದರು. "ಹಳೇ ಜವರಯ್ಯ ವಾಪಸು ಬಂದ" ಎಂದು ಮೇಷ್ಟ್ರು ಮಾತಾಡಿದರು. ಯಾರೋ ಹಿಂದಿನಿಂದ, "ಆ ಹೆಂಗಸಿಗೆ ಯಾಕೆ ಬೇಕಿತ್ತು ಇದೆಲ್ಲ, ಮುದುಕನ ಹಿಂದೆ ಉಳಿದಳಲ್ಲ" ಎಂದು ನಕ್ಕರು. ನಾನೂ ನಕ್ಕೆ. ಇದುವರೆಗೆ ಹೇಳಿದ್ದಕ್ಕಿಂತ ಈ ನಗುವನ್ನು ಹೇಳುವುದು ನನಗೆ ಕಷ್ಟ.

ಏಳು ವರ್ಷ ಎಂದರೆ ಏನೆಂದು ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಇಪ್ಪತ್ತೇಳರಿಂದ ಮೂವತ್ತನಾಲ್ಕು. ಕಾಲಿನ ಅತ್ಯುತ್ತಮ ಕಾಲ ಅದೇ. ಆಮೇಲೆ ಅವಳು ಹೊಸ್ತಿಲ ಮೇಲೆ ನಿಂತರೂ ನಿಲ್ಲುವವಳು ಬೇರೆಯವಳೇ ಆಗಿರುತ್ತಾಳೆ. ನನ್ನ ಕಾಲಿನಿಂದ ಇಳಿದುಹೋದದ್ದನ್ನು ನಾನು ಅವಳ ಕಾಲಿನಿಂದ ಕಿತ್ತುಕೊಂಡಿದ್ದೆ. ಕಿತ್ತುಕೊಂಡದ್ದು ನನ್ನ ಕಾಲಿಗೆ ಬಂದಿತ್ತೆಂದರೆ ಅದೂ ಇಲ್ಲ.

ದೇವೀರಿ ಎಲ್ಲಿಯೂ ಏನೂ ಹೇಳಲಿಲ್ಲ. ಬೀದಿಯಲ್ಲಿ ಸಿಕ್ಕರೆ "ಊಟ ಆಯ್ತಾ ಅಣ್ಣ" ಎಂದು ಮೊದಲಿನ ಹಾಗೆಯೇ ಕೇಳುತ್ತಿದ್ದಳು. ನಾನು ಬೀದಿ ಬದಲಾಯಿಸಿದೆ.

ಒಂದು ದಿನ ಮಾಡಿದ್ದು ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಪೂರ್ತಿ ಸುತ್ತಿ ಬಂದಿದ್ದರೆ ಗೆರೆ ಒಂದು ಗೇಣು ಕೆಳಗೆ ಬೀಳುತ್ತಿತ್ತು, ಊರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಮರುದಿನವೂ ಕೆಸರಿಗೆ ಇಳಿದೆ. ಅದರ ಮರುದಿನವೂ. ಆಚೆ ದಂಡೆಯ ನೀರಿನಲ್ಲಿ ಕಾಲು ತೊಳೆದು ಬರುವುದನ್ನು ಕಲಿತೆ. ತೊಳೆಯಲು ಹಿಡಿಯುವ ಹೊತ್ತನ್ನೂ ಲೆಕ್ಕ ಹಾಕಿ ಓಡುತ್ತಿದ್ದೆ. ಎಂಟು ದಿನ ಕಳೆದ ಮೇಲೆ ಷೆಡ್ಡಿನ ಯಜಮಾನ, ಗಂಟೆ ಸಣ್ಣದಾಗಿ ಕೆಲಸ ಸಾಗುತ್ತಿಲ್ಲವೆಂದು ಪಾಳಿಯನ್ನು ಎಂಟರಿಂದ ಹತ್ತು ಗಂಟೆಗೆ ಏರಿಸಿದ. ಹೆಂಗಸರಿಗೆ ಅದರಿಂದ ಹೆಚ್ಚು ಕಷ್ಟವೇನೂ ಆಗಲಿಲ್ಲ, ಒಪ್ಪಿಕೊಂಡರು. ಎರಡು ತಿಂಗಳು ಹೀಗೇ ನಡೆಯಿತು. ದಿನವೂ ಅಷ್ಟು ಕಡಿಮೆ ಓಡಿ ನನ್ನ ಕಾಲು ಇದ್ದುದಕ್ಕಿಂತ ಜಡವಾದವು. ಹೊಟ್ಟೆ ಬಂತು.

ತೂಬು ಮುಚ್ಚಿದ ಕೆರೆ ತುಂಬುವುದು ಸಹಜ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೇಲಿನ ಹಳ್ಳದ ನೀರು ಬಂದು ಸೇರುತ್ತ ಒಂದು ಬೆಳಿಗ್ಗೆ ನಾಲಿಗೆಯ ಜಾಗದಲ್ಲಿ ಎದೆಮಟ್ಟ ನೀರು ನಿಂತಿತ್ತು. ಜೊಂಡಿನ ಗರಿಗಳೂ ಕಾಣಲಿಲ್ಲ. ನಾನು ಬಳಸಿನ ದಾರಿ ಹಿಡಿದೆ. ಅರ್ಧಕ್ಕೆ ಎರಡು ಸಲ ನಡೆದೆ, ಒಂದು ಸಲ ಕೂತೆ. ಹೊಸ್ತಿಲು ಮುಟ್ಟಿದಾಗ ಹಂಡೆಯ ತಳದಲ್ಲಿ ಬೊಗಸೆ ನೀರಿತ್ತು. ರಾಚಪ್ಪ ಮೊಣಕೈವರೆಗೆ ತೋಳು ಇಳಿಸಿ ಗೆರೆ ಎಳೆದ. ಹಗಲಿಗೆ ಹತ್ತೂವರೆ ಗಂಟೆ ಹೊಡೆಯಿತು.

ಷೆಡ್ಡಿನ ಪಾಳಿ ಹತ್ತೇ ಉಳಿಯಿತು. ಹೆಂಗಸರು ಕೇಳಿದರೆ ಯಜಮಾನ, ಪಾಳಿ ಹತ್ತೆಂದು ಒಪ್ಪಿದ್ದೀರಿ, ಗಂಟೆ ನನ್ನ ಕೈಯಲ್ಲಿಲ್ಲ ಎಂದು ಮೇಸ್ತ್ರಿಯ ಬಾಯಲ್ಲಿ ಹೇಳಿಸಿದ. ಹೊತ್ತು ಹುಟ್ಟಿ ಸ್ವಲ್ಪವಾದಾಗ ಬೋಗುಣಿಗೆ ಕೈ ಹಾಕಿದವರು ಹೊತ್ತು ಮುಳುಗಿದಾಗ ತೆಗೆಯುತ್ತಿದ್ದರು. ನಾಲ್ಕನೆಯ ದಿನ ಪುಟ್ಟತಾಯಿ ಮನೆಗೆ ಬಂದವಳಿಗೆ ಬಾಗಿಲ ಅಗುಳಿ ತೆಗೆಯಲು ಬೆರಳು ಮಡಿಸಲಾಗಲಿಲ್ಲ. ಅಂಗೈಯಿಂದ ತಟ್ಟಿದಳು. ನಾನೇ ತೆಗೆದೆ. ಎಣ್ಣೆ ತಂದು ಹಚ್ಚಲು ಹೋದೆ. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ದೇವೀರಿಗೆ ಓಡು ಅಂತ ಹೇಳಿದ್ದು ನಾನು" ಎಂದಳು.

ನಾನು ಎಣ್ಣೆ ಬಟ್ಟಲು ಹಿಡಿದುಕೊಂಡು ನಿಂತೆ.

"ಎರಡು ವರ್ಷದಿಂದ ಹೇಳ್ತಿದ್ದೆ. ಅವಳಿಗೆ ಇಷ್ಟ ಇರಲಿಲ್ಲ, ಅಣ್ಣನ ಎದುರಿಗೆ ಹೇಗೆ ನಿಲ್ಲಲಿ ಅಂತಿದ್ದಳು. ನೀವಾಗೇ ಬಿಡ್ತೀರ ಅಂತ ಕಾದೆ, ನೀವು ಬಿಡಲಿಲ್ಲ. ಸೋತರೆ ನಿಮಗೆ ಮರ್ಯಾದೆ ಇರುತ್ತೆ, ಇಷ್ಟು ವರ್ಷ ಓಡಿ ಚಿಕ್ಕವಳ ಹತ್ತಿರ ಸೋತ ಅಂದ್ಕೋತಾರೆ, ಅದರಲ್ಲೇನು ತಪ್ಪು ಅಂತ ನಾನೇ ಅವಳನ್ನ ಒಪ್ಪಿಸಿದೆ."

"ಮತ್ತೆ ನಂಗೆ ಹೇಳಲಿಲ್ಲ."

"ಹೇಳಬೇಕಿತ್ತು. ನೀವು ಅಂಥದ್ದು ಮಾಡ್ತೀರ ಅಂತ ಗೊತ್ತಿದ್ದರೆ ಹೇಳ್ತಿದ್ದೆ." ಅವಳು ಗೋಡೆಗೆ ಒರಗಿದಳು. "ಆವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಕಾಲುಗುರಿನ ಸಂದಿನಲ್ಲಿ ಕಪ್ಪು ಕೆಸರಿತ್ತು. ನೋಡಿದೆ. ಮಾರನೇ ದಿನದಿಂದ ಅವಳ ಪಕ್ಕ ಕೂತಿದ್ದೀನಿ. ಅವಳು ಒಂದು ಮಾತೂ ಕೇಳಲಿಲ್ಲ. ನನ್ನ ಬೋಗುಣಿಯಲ್ಲಿ ಎಳೆ ಸಿಗದಿದ್ದರೆ ಇವತ್ತಿಗೂ ಬಗ್ಗಿ ಹುಡುಕಿ ಕೊಡ್ತಾಳೆ. ನಂಗೆ ಅದನ್ನ ತಡೆಯೋಕೆ ಆಗ್ತಿಲ್ಲ."

ಅವಳು ಅಳಲಿಲ್ಲ. ಹುಣಸೇಹಣ್ಣು ನೆನೆಸಬೇಕು ಎಂದು ಎದ್ದಳು. ಹಣ್ಣು ಕಿವುಚಲು ಬೆರಳು ಬಾರದೆ ಸುಮ್ಮನೆ ನಿಂತಳು. ನಾನು ಕಿವುಚಿ ಕೊಟ್ಟೆ.

ಮರುದಿನ ಬೆಳಿಗ್ಗೆ ಓಡಿದೆ. ಗೆರೆ ಬಿದ್ದ ಮೇಲೆ ಮನೆಗೆ ಹೋಗದೆ ಬೆವರಿನಲ್ಲೇ ಷೆಡ್ಡಿಗೆ ನಡೆದೆ. ಇಷ್ಟು ವರ್ಷದಲ್ಲಿ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಆವಿ, ಸತ್ತ ಹುಳುವಿನ ವಾಸನೆ, ನಲವತ್ತು ರಾಟೆಗಳ ಸದ್ದು. ದೇವೀರಿಯ ಬೋಗುಣಿಯ ಮುಂದೆ ಹೋಗಿ ನಿಂತೆ. ಪುಟ್ಟತಾಯಿ ತಲೆ ಎತ್ತಲಿಲ್ಲ. ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. "ತೂಬು ಮುಚ್ಚಿದ ದಿನ ನಾನು ಕೆಸರಿಗಿಳಿದು ಅಡ್ಡದಾರಿಯಲ್ಲಿ ಬಂದೆ. ಗೆದ್ದವಳು ನೀನು. ಆಮೇಲೆ ಎರಡು ತಿಂಗಳೂ ಹಾಗೇ ಓಡಿದೆ" ಎಂದೆ. ರಾಟೆಗಳ ಸದ್ದಿಗೆ ಹಿಂದಿನವರಿಗೆ ಕೇಳಿಸಲಿಲ್ಲ. ಒಬ್ಬಳು, "ಏನಂತೆ?" ಎಂದಳು. ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ರಾಟೆಗಳು ಒಂದೊಂದಾಗಿ ನಿಂತವು.

ಯಾರೋ ಹಿಂದಿನ ಸಾಲಿನಲ್ಲಿ ಚಿಕ್ಕದಾಗಿ ನಕ್ಕರು. ವಯಸ್ಸಾದ ಹೆಂಗಸೊಬ್ಬಳು ತನ್ನ ಎರಡೂ ಕೈಯನ್ನು ನೀರಿನಿಂದ ತೆಗೆದು ನನ್ನ ಕಡೆಗೆ ಹಿಡಿದು ತೋರಿಸಿದಳು, ಮತ್ತೆ ನೀರಿಗೆ ಹಾಕಿದಳು. ಮೇಸ್ತ್ರಿ ದೂರದಿಂದ, "ಗಂಟೆ ಆಗಿಲ್ಲ, ಕೆಲಸ ನೋಡ್ರಮ್ಮ" ಎಂದ.

ನಾನು ರುಮಾಲು ಬಿಚ್ಚಿ ದೇವೀರಿಯ ಮುಂದೆ ಹಿಡಿದೆ. ಅವಳ ಎರಡು ಕೈಯಲ್ಲೂ ಎಳೆಗಳಿದ್ದವು.

"ನಂಗೆ ಆವತ್ತೇ ಗೊತ್ತಿತ್ತಣ್ಣ" ಎಂದಳು. "ಹೇಳಿದ್ರೆ ನಂಬೋರು ಯಾರು? ಇಪ್ಪತ್ತು ವರ್ಷದ ಮಾತು ನಿಮ್ಮದು, ಸೋತವಳ ಮಾತು ನಂದು. ನೀವು ನಿಧಾನ ಆಗಿದ್ದಕ್ಕೆ ನಂಗೆ ಯಾವತ್ತೂ ಸಿಟ್ಟು ಬಂದಿರಲಿಲ್ಲ. ಯಾರಿಗೂ ಬಂದಿರಲಿಲ್ಲ." "ಕೈ ಒದ್ದೆ ಇದೆ. ಅಲ್ಲಿ ಮೊಳೆಗೆ ಹಾಕಿ" ಎಂದಳು.

ಗೋಡೆಯಲ್ಲಿ ಹೆಂಗಸರು ಬುತ್ತಿಯ ಚೀಲ ನೇತುಹಾಕುವ ಮೊಳೆಗಳ ಸಾಲಿತ್ತು. ಖಾಲಿಯಿದ್ದ ಒಂದಕ್ಕೆ ಸಿಕ್ಕಿಸಿ ಹೊರಗೆ ಬಂದೆ.

ಅದರ ಮಾರನೆಯ ಬೆಳಿಗ್ಗೆ ದೇವೀರಿ ಒಬ್ಬಳೇ ಹೊಸ್ತಿಲ ಮೇಲೆ ನಿಂತಳು. ನೋಡಲು ಹೋಗುವ ಧೈರ್ಯ ನನಗೆ ಇರಲಿಲ್ಲ, ಮನೆಯಲ್ಲೇ ಕುಳಿತು ಗಂಟೆ ಎಣಿಸಿದೆ. ನಡುಹಗಲಿಗೆ ಮೊದಲೇ ಏಳು ಹೊಡೆದಿತ್ತು. ಎಂಟು ಹೊಡೆದಾಗ ಷೆಡ್ಡಿನ ಹೆಂಗಸರು ನಲವತ್ತು ಮಂದಿಯೂ ಎದ್ದರಂತೆ. ಇನ್ನೂ ಎರಡಿದೆ ಎಂದು ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತನಂತೆ. ಆ ವಯಸ್ಸಾದ ಹೆಂಗಸು, "ಅವನ ಗಂಟೆಗೆ ಹತ್ತು ಒಪ್ಪಿದ್ದೆವು, ಇವಳ ಗಂಟೆಗೆ ಯಾರು ಒಪ್ಪಿದ್ದಾರೆ" ಎಂದು ಅವನನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದಳಂತೆ. ಮೂರು ದಿನ ಹಾಗೇ ಮಾಡಿದ ಮೇಲೆ ಯಜಮಾನ ಪಾಳಿಯನ್ನು ಎಂಟಕ್ಕೆ ಇಳಿಸಿದ. ಇದರಲ್ಲಿ ನನ್ನ ಪಾಲು ಏನೂ ಇಲ್ಲ. ನಾನು ಹೇಳಿದ್ದರಿಂದಲೇ ಎಲ್ಲ ಸರಿಹೋಯಿತು ಎಂದು ಮೇಷ್ಟ್ರು ಒಂದು ದಿನ ಸಮಾಧಾನ ಹೇಳಲು ಬಂದರು, ಅವರನ್ನು ಅರ್ಧಕ್ಕೆ ನಿಲ್ಲಿಸಿದೆ.

ಊರು ನನಗೆ ಶಿಕ್ಷೆ ಕೊಡಲಿಲ್ಲ. ಚಾವಡಿಯಲ್ಲಿ ಜಾಗ ಬಿಡುತ್ತಾರೆ, ಕರೆದರೆ ಓಗೊಡುತ್ತಾರೆ. ಹಳೆಯ ಓಟಗಾರರ ಹೆಸರು ಹೇಳುವಾಗ ಮಾತ್ರ ನಾನಿರುವ ಕಡೆ ಮಾತು ಬದಲಾಯಿಸುತ್ತಾರೆ. ಒಂದು ತಿಂಗಳು ಮನೆಯಲ್ಲಿ ಕೂತೆ. ಆಮೇಲೆ ಪುಟ್ಟತಾಯಿಯ ಬೆರಳು ವಾಸಿಯಾಗುವವರೆಗೆ ಅವಳ ಬದಲು ಬರುತ್ತೇನೆಂದು ಮೇಸ್ತ್ರಿಯನ್ನು ಕೇಳಿದೆ. ಗಂಡಸರು ಬೋಗುಣಿಗೆ ಕೂರುವ ರೂಢಿ ಇಲ್ಲ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕಲಿಸುವವರಿದ್ದರೆ ಕೂರು ಎಂದ. ಪುಟ್ಟತಾಯಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕಲಿಸಲು ಕೂತಳು.

ಬೆರಳು ನೀರಿಗೆ ಇಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ತೇಲುವ ಗೂಡುಗಳ ನಡುವೆ ಎಳೆ ಕಾಣುವುದೇ ಇಲ್ಲ, ಚರ್ಮಕ್ಕೆ ತಾಗಿದಾಗ ತಿಳಿಯಬೇಕು. ಒಂದು ಹಿಡಿದೆ, ಹರಿಯಿತು. ಇನ್ನೊಂದು ಹಿಡಿದೆ. ಊರಿಗೆಲ್ಲ ಗಂಟೆ ಕೊಟ್ಟವನು ನಾನು, ಆದರೆ ಒಂದು ಗಂಟೆಯನ್ನೂ ಕುಳಿತು ಕಳೆದಿರಲಿಲ್ಲ. ಓಡಿ ಬಂದ ಮೇಲೆ ಹಗಲು ನನ್ನದಾಗಿರುತ್ತಿತ್ತು, ಎಷ್ಟು ಹೊಡೆಯಿತು ಎಂದು ಕಿವಿಗೊಟ್ಟವನಲ್ಲ. ಈಗ ಅದು ಬರುತ್ತದೆಯೋ ಎಂದು ಕಾದೆ. ಕೆರೆಯನ್ನು ಪೂರ್ತಿ ಸುತ್ತಿ ಬಂದ ಗಂಟೆಗಳಲ್ಲೇ ದೇವೀರಿಯದು ಚಿಕ್ಕದು ಎನ್ನುತ್ತಾರೆ. ಅದೂ ಮುಗಿಯುತ್ತಿರಲಿಲ್ಲ. ಇನ್ನೇನು ಹೊಡೆಯಿತು ಎಂದು ನಾಲ್ಕು ಸಲ ಅಂದುಕೊಂಡೆ. ಐದನೆಯ ಸಲ ತಡೆಯಲಾರದೆ ಕೈಯನ್ನು ಮೇಲಕ್ಕೆ ಎಳೆದುಕೊಳ್ಳಲು ಹೋದೆ. ಪುಟ್ಟತಾಯಿ ನನ್ನ ಮಣಿಕಟ್ಟು ಹಿಡಿದು ಅಲ್ಲೇ ಒತ್ತಿದಳು. ಮದುವೆಯಾದಂದಿನಿಂದ ಆ ದಿನದವರೆಗೆ ಅವಳು ನನ್ನನ್ನು ಬಹುವಚನದಲ್ಲೇ ಕರೆದವಳು.

"ಇನ್ನೂ ಹೊತ್ತಿದೆ" ಎಂದಳು. "ಕೈ ತೆಗೀಬೇಡ. ನೀನು ತೆಗೆದರೆ ಎಳೆ ಹರಿಯುತ್ತೆ."